ಊದಿದ ಕಾಲಿಗೆ ಎರಡು ಸೈಜ್ ದೊಡ್ಡ ಬೂಟು: ದಯವಿಟ್ಟು ಈ ತಪ್ಪು ಮಾಡಬೇಡಿ

ಕಾಲಿನ ಮಣಿಗಂಟು ಮುರಿದು ಪ್ಲೇಟ್ ಹಾಕಿಸಿಕೊಂಡವರು, ಅಥವಾ ಉಳುಕಿದ ಊತ ಇನ್ನೂ ಪೂರ್ತಿ ಇಳಿಯದವರು, ಮತ್ತೆ ಬೈಕ್ ಹತ್ತುವ ಆತುರದಲ್ಲಿ ರೈಡಿಂಗ್ ಬೂಟು ಕೊಳ್ಳಲು ಹೊರಟಿದ್ದರೆ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಂಬತ್ತೂವರೆ ಸಾವಿರ ರೂಪಾಯಿ ಕೊಟ್ಟು ಕೊಂಡ ಬೂಟನ್ನು ನಾನು ಹಾಕಿಕೊಂಡದ್ದು ಒಂದೇ ದಿನ. ಅದೇ ಸಂಜೆ ಉಡುಪಿ ಬಳಿಯ ಉದ್ಯಾವರದಲ್ಲಿರುವ ಭಾವನ ಮನೆಯ ಜಗಲಿಯಲ್ಲಿ ಕುಳಿತು ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕಾಯಿತು.

ಜನವರಿಯಲ್ಲಿ ಮಂಗಳೂರಿನ ಬೊಂದೇಲ್ ಕಡೆಯ ಒಂದು ಒಳರಸ್ತೆಯಲ್ಲಿ, ಚೆಲ್ಲಿದ್ದ ಜಲ್ಲಿಯ ಮೇಲೆ ಜಾರಿ, ಬೈಕು ನನ್ನ ಎಡಗಾಲಿನ ಮೇಲೆಯೇ ಬಿದ್ದಿತ್ತು. ಮಣಿಗಂಟಿನ ಹೊರಬದಿಯ ಎಲುಬು, ಅಂದರೆ ಫಿಬುಲಾದ ಕೆಳತುದಿ, ಮುರಿದುದರಿಂದ ಆಪರೇಷನ್ ಮಾಡಿ ಪ್ಲೇಟು ಮತ್ತು ಆರು ಸ್ಕ್ರೂ ಹಾಕಿದರು. ಬಿದ್ದ ದಿನ ನನ್ನ ಕಾಲಿನಲ್ಲಿದ್ದುದು ಸಾಮಾನ್ಯ ಕ್ಯಾನ್ವಾಸ್ ಶೂ. ಆದ್ದರಿಂದ ಜೂನ್ ಕೊನೆಯಲ್ಲಿ ಡಾಕ್ಟರು ಇನ್ನು ಬೈಕ್ ಓಡಿಸಬಹುದು ಎಂದಾಗ, ಮಣಿಗಂಟನ್ನು ಮುಚ್ಚುವ ಎತ್ತರದ ಬೂಟಿಲ್ಲದೆ ಬೈಕ್ ಮುಟ್ಟುವುದಿಲ್ಲ ಎಂದು ಮನೆಯವರಿಗೆ ಮಾತು ಕೊಟ್ಟೆ. ಆ ಮಾತು ಇಂದಿಗೂ ಸರಿ ಎಂದೇ ನನ್ನ ಅಭಿಪ್ರಾಯ; ಬೂಟು ಕೊಂಡ ರೀತಿಯ ಬಗ್ಗೆ ಮಾತ್ರ ಹಾಗೆ ಹೇಳಲಾರೆ.

ಮಂಗಳೂರಿನ ಒಂದು ಅಂಗಡಿಗೆ ನಾನು ಹೋದದ್ದು ಬೆಳಿಗ್ಗೆ, ಅವರು ಇನ್ನೂ ಶಟರ್ ಎತ್ತುತ್ತಿದ್ದಾಗ. ಜನಸಂದಣಿ ಇರುವುದಿಲ್ಲ, ನಿಧಾನವಾಗಿ ನೋಡಬಹುದು ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ರಾತ್ರಿಯಿಡೀ ಮಲಗಿ ಎದ್ದ ಮೇಲೆ ಕಾಲಿನ ಊತ ದಿನದಲ್ಲೇ ಅತ್ಯಂತ ಕಡಿಮೆ ಇರುತ್ತದೆ, ನಿಂತು, ಕುಳಿತು, ಕಾಲು ಜೋತುಬಿಟ್ಟು ದಿನ ಕಳೆದಂತೆ ನೀರು ಕೆಳಗಿಳಿದು ಸಂಜೆಗೆ ಅದು ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಆರು ತಿಂಗಳಿಂದ ಪ್ರತಿದಿನ ಕಣ್ಣೆದುರಿಗೇ ಇದ್ದ ಸಂಗತಿ. ಅದನ್ನು ಅಂಗಡಿಯಲ್ಲಿ ಮರೆತೆ. ನಂತರ ಮನೆಯಲ್ಲಿ ಟೈಲರ್ ಟೇಪ್ ಹಿಡಿದು ಅಳೆದಾಗ, ಬಲಗಾಲಿನ ಮಣಿಗಂಟಿನ ಸುತ್ತಳತೆ 26 ಸೆಂ.ಮೀ. ಇದ್ದರೆ ಎಡಗಾಲಿನದು ಬೆಳಿಗ್ಗೆ 27, ರಾತ್ರಿ ಎಂಟು ಗಂಟೆಗೆ 29 ಇತ್ತು. ನಾನು ಬೂಟು ಕೊಂಡದ್ದು ಆ 27ಕ್ಕೆ.

ಎಡಗಾಲು ನನ್ನ ಮಾಮೂಲಿ 8ನೇ ಸೈಜಿನೊಳಗೆ ಹೋಗದಿದ್ದಾಗ ಅಂಗಡಿಯವರು, "ಎರಡು ಸೈಜ್ ದೊಡ್ಡದು ತಗೊಳ್ಳಿ ಸರ್, ಊತ ಇಳಿದ ಮೇಲೆ ಎರಡು ಜೊತೆ ಸಾಕ್ಸ್ ಹಾಕಿದರೆ ಆಯಿತು" ಎಂದು 10ನೇ ಸೈಜಿನದನ್ನು ತೆಗೆದುಕೊಟ್ಟರು. ಈ ಸಲಹೆ ಎಷ್ಟು ಸಲೀಸಾಗಿ ಕೇಳಿಸುತ್ತದೋ ಅಷ್ಟೇ ಕೆಟ್ಟದ್ದು, ಏಕೆಂದು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ನಡೆಯುವ ಯುಕೆ ಸೈಜಿನಲ್ಲಿ ಒಂದು ಸಂಖ್ಯೆ ಏರಿದರೆ ಉದ್ದ ಒಂದು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಹೆಚ್ಚುತ್ತದೆ, ಎರಡು ಸೈಜಿಗೆ ಹೆಚ್ಚುಕಡಿಮೆ 17 ಮಿ.ಮೀ. ಆದರೆ ನನ್ನ ಪಾದವೇನೂ ಉದ್ದವಾಗಿರಲಿಲ್ಲ. ಊತ ಇದ್ದದ್ದು ಮಣಿಗಂಟಿನ ಸುತ್ತ ಮತ್ತು ಪಾದದ ಮೇಲ್ಭಾಗದಲ್ಲಿ. ಆ ಜಾಗದಲ್ಲಿ ಬೇಕಾಗಿದ್ದ ಮೂರು ಸೆಂಟಿಮೀಟರ್ ಸುತ್ತಳತೆಯನ್ನು ಸೈಜ್ ಏರಿಸಿ ಪಡೆಯಲು ಹೊರಟರೆ ಸಿಗುವುದು ಬೆರಳುಗಳ ಮುಂದೆ ಖಾಲಿ ಜಾಗ, ಹಿಮ್ಮಡಿಯ ಹಿಂದೆ ಸಡಿಲ, ಮತ್ತು ಮಣಿಗಂಟಿನ ಬಳಿ ಮೊದಲಿನಷ್ಟೇ ಬಿಗಿ. ಇನ್ನೂ ಒಂದು ಅನಾಹುತವಿದೆ: ಬೂಟಿನೊಳಗೆ ಮಣಿಗಂಟಿನ ಉಬ್ಬಿಗೆಂದು ಇಟ್ಟಿರುವ ಗಟ್ಟಿ ಬಟ್ಟಲಿನಂಥ ಪ್ಯಾಡ್ ಆಯಾ ಸೈಜಿನ ಪಾದಕ್ಕೆ ತಕ್ಕ ಎತ್ತರದಲ್ಲಿರುತ್ತದೆ. 10ನೇ ಸೈಜಿನಲ್ಲಿ ಅದು ನನ್ನ ಎಲುಬಿನ ಉಬ್ಬಿಗಿಂತ ಮೇಲೆ, ಸರಿಯಾಗಿ ಪ್ಲೇಟಿನ ಮೇಲೆಯೇ ಕೂತಿತು. ಆ ಭಾಗದಲ್ಲಿ ಎಲುಬಿಗೂ ಚರ್ಮಕ್ಕೂ ನಡುವೆ ಮಾಂಸವೆಂಬುದು ಇಲ್ಲವೇ ಇಲ್ಲ. ಬೆರಳಿನಿಂದ ಸವರಿದರೆ ಸ್ಕ್ರೂವಿನ ತಲೆ ತಿಳಿಯುತ್ತದೆ.

ಅಂಗಡಿಯಲ್ಲಿ ಬೂಟು ಹಾಕಿಕೊಳ್ಳುವಾಗ ಕಷ್ಟವಾಗಲಿಲ್ಲವೆಂಬುದೇ ನನ್ನನ್ನು ಮೋಸಗೊಳಿಸಿತು. ಒಳಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಜಿಪ್ ಇತ್ತು, ಮೇಲೆ ವೆಲ್ಕ್ರೋ ಪಟ್ಟಿಯಿತ್ತು. ಜಿಪ್ ಇದೆಯೆಂದ ಮೇಲೆ ತೆಗೆಯಲು ತೊಂದರೆ ಏನು ಎಂದುಕೊಂಡೆ. ಆದರೆ ಅದು ನೀರು ನಿಲ್ಲಿಸುವ ಬೂಟು. ಅಂಥ ಬೂಟುಗಳಲ್ಲಿ ಜಿಪ್ಪಿನ ಹಿಂದೆ, ಅದರ ಎರಡೂ ಅಂಚುಗಳಿಗೆ ಸೇರಿಸಿ, ಮಡಿಕೆಯಾಗಿ ಕೂರುವ ಒಂದು ಬಟ್ಟೆಯ ತುಂಡನ್ನು ಹೊಲಿದಿರುತ್ತಾರೆ. ಜಿಪ್ಪಿನ ಹಲ್ಲುಗಳ ನಡುವೆ ನುಸುಳಿದ ನೀರು ಒಳಗೆ ಇಳಿಯದಿರಲೆಂದು. ಜಿಪ್ ಪೂರ್ತಿ ಕೆಳಗಿಳಿದರೂ ಬೂಟು ಬಾಯಿ ತೆರೆಯುವುದು ಆ ಮಡಿಕೆ ಬಿಚ್ಚಿಕೊಳ್ಳುವಷ್ಟು ಮಾತ್ರ. ಇಷ್ಟು ಸಣ್ಣ ವಿಷಯವನ್ನು ಅಂಗಡಿಯಲ್ಲಿ ಕೈಹಾಕಿ ನೋಡಿದ್ದರೆ ತಿಳಿಯುತ್ತಿತ್ತು. ಜೊತೆಗೆ, ಎತ್ತರದ ಬೂಟಿನಿಂದ ಕಾಲು ಹೊರತೆಗೆಯಬೇಕಾದರೆ ಪಾದವನ್ನು ಕೆಳಮುಖವಾಗಿ ಚಾಚಬೇಕು. ತಿಂಗಳುಗಟ್ಟಲೆ ಬಿಗಿದಿದ್ದು ಇನ್ನೂ ಫಿಸಿಯೋಥೆರಪಿಯಲ್ಲಿರುವ ಮಣಿಗಂಟು ಹಾಗೆ ಚಾಚಿಕೊಳ್ಳುವುದಿಲ್ಲ.

ಮರು ಸೋಮವಾರ ಬೆಳಿಗ್ಗೆ ಮಂಗಳೂರಿನ ಬಿಜೈಯಿಂದ ಮಣಿಪಾಲದ ಆಫೀಸಿಗೆ ಹೊರಟೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿ.ಮೀ., ಕೂಳೂರು ದಾಟುವಷ್ಟರಲ್ಲಿ ಮಳೆ. ಮೊದಲ ತೊಂದರೆ ಗೇರ್ ಲಿವರಿನಲ್ಲಿ ಕಾಣಿಸಿತು. ಗೇರ್ ಏರಿಸಲು ಎಡಗಾಲಿನ ಬೆರಳುಗಳನ್ನು ಲಿವರಿನ ಕೆಳಗೆ ತೂರಿಸಿ ಪಾದವನ್ನು ಮೇಲೆತ್ತಬೇಕು, ಮುರಿದ ಮಣಿಗಂಟಿಗೆ ಅತ್ಯಂತ ತ್ರಾಸದ ಚಲನೆಯೇ ಅದು. ಬೂಟಿನ ಮುಂಭಾಗ ದಪ್ಪವಾಗಿಯೂ ಉದ್ದವಾಗಿಯೂ ಇದ್ದುದರಿಂದ, ನನ್ನ ಬೆರಳು ಎಲ್ಲಿ ಮುಗಿಯುತ್ತದೆ, ಬೂಟು ಎಲ್ಲಿ ಮುಗಿಯುತ್ತದೆ ಎಂಬ ಅಂದಾಜೇ ಸಿಗಲಿಲ್ಲ. ಪಡುಬಿದ್ರಿಯವರೆಗೆ ಇಡೀ ಮೊಣಕಾಲನ್ನೇ ಎತ್ತಿ ಗೇರ್ ಹಾಕುತ್ತ ಹೋದೆ. ಆಫೀಸಿನಲ್ಲಿ ಬದಲಿಸಲು ಚಪ್ಪಲಿ ಒಯ್ದಿರಲಿಲ್ಲ. ಒದ್ದೆ ಸಾಕ್ಸಿನೊಂದಿಗೆ, ಬೂಟಿನಲ್ಲಿಯೇ, ಕಾಲು ಮೇಜಿನ ಕೆಳಗೆ ಇಳಿಬಿಟ್ಟು ಸಂಜೆ ಐದರವರೆಗೆ ಕುಳಿತೆ.

ಮಳೆ ಜೋರಾಗಿದ್ದುದರಿಂದ ಆ ರಾತ್ರಿ ಉದ್ಯಾವರದಲ್ಲಿಯೇ ಉಳಿಯುವುದೆಂದು ಹೊರಟೆ. ಉಡುಪಿಯ ಕಲ್ಸಂಕದ ಬಳಿ ವಾಹನಗಳು ಸಾಲುಗಟ್ಟಿ ನಿಂತಾಗ ನಾನೂ ನಿಲ್ಲಿಸಿ ಎಡಗಾಲು ಕೆಳಗಿಡಲು ನೋಡಿದರೆ, ಬೂಟಿನ ತುದಿ ಲಿವರಿನ ಕೆಳಗೆ ಸಿಕ್ಕಿಕೊಂಡು ಕಾಲು ಹೊರಗೆ ಬರಲೊಲ್ಲದು. ಬೈಕು ನಿಧಾನವಾಗಿ ಎಡಕ್ಕೆ, ಅದೇ ಮುರಿದ ಕಾಲಿನ ಕಡೆಗೆ, ವಾಲಿತು. ಪಕ್ಕದಲ್ಲಿದ್ದ ರಿಕ್ಷಾದವರು ಕೈ ಚಾಚಿ ಹ್ಯಾಂಡಲ್ ಹಿಡಿಯದೆ ಹೋಗಿದ್ದರೆ ಪ್ಲೇಟಿನ ಗತಿ ಏನಾಗುತ್ತಿತ್ತೋ. ಬಿದ್ದರೆ ಕಾಪಾಡಲೆಂದು ಕೊಂಡ ಬೂಟೇ ನನ್ನನ್ನು ಬೀಳಿಸಲು ನೋಡಿತ್ತು.

ಜಗಲಿಯಲ್ಲಿ ಕುಳಿತು ಜಿಪ್ ಇಳಿಸಿದೆ. ಕಾಲು ಅಲ್ಲಾಡಲಿಲ್ಲ. ಒಳಗಿನ ಬಟ್ಟೆ ನೆನೆದು ಸಾಕ್ಸಿಗೆ ಅಂಟಿತ್ತು, ಊತ ಬೂಟನ್ನು ಪೂರ್ತಿ ತುಂಬಿತ್ತು, ಪಾದದ ಮೇಲ್ಭಾಗದಲ್ಲಿ ಜೋಮು ಹಿಡಿದಿತ್ತು. ಭಾವ ಹಿಮ್ಮಡಿ ಹಿಡಿದು ಎಳೆದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ಕೊನೆಗೆ ಅಕ್ಕ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು, ಜಿಪ್ಪಿನ ಹಿಂದಿನ ಆ ತುಂಡನ್ನು ಮೇಲಿನಿಂದ ಕೆಳಗೆ ಸೀಳಿ, ಪಾದದ ಮೇಲಿನ ಮಡಿಕೆಯನ್ನೂ ಕತ್ತರಿಸಿದ ಮೇಲೆ ಕಾಲು ಹೊರಗೆ ಬಂತು. "ಇದೇನು ಮಾರಾಯ, ಆನೆಕಾಲಿನ ಹಾಗೆ ಆಗಿದೆಯಲ್ಲ" ಎಂದರು ಭಾವ. ಹೆಬ್ಬೆರಳಿನಿಂದ ಒತ್ತಿದಲ್ಲಿ ಗುಂಡಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಪ್ಲೇಟಿನ ಮೇಲಿನ ಗಾಯದ ಗೆರೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಕಿತ್ತುಹೋಗಿತ್ತು.

ಮೂರನೆಯ ದಿನ ಅಲ್ಲಿ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಸಣ್ಣಗೆ ಜ್ವರ ಬಂತು. ಒಳಗೆ ಲೋಹವಿರುವ ಕಡೆ ಚರ್ಮ ಒಡೆದು ಸೋಂಕು ತಗುಲಿದರೆ ಅದು ಪ್ಲೇಟಿನವರೆಗೆ ಇಳಿಯಬಹುದು, ಇಳಿದರೆ ಪ್ಲೇಟನ್ನೇ ತೆಗೆಯಬೇಕಾಗಬಹುದು ಎಂದು ಡಾಕ್ಟರು ಗದರಿದರು. ಹತ್ತು ದಿನ ಆಂಟಿಬಯಾಟಿಕ್, ಮೂರು ವಾರ ಬೈಕ್ ಬಂದ್. ಇಂಥ ಆಪರೇಷನ್ನಿನ ನಂತರ ಸಂಜೆಯ ಊತ ಆರು ತಿಂಗಳಿಂದ ಒಂದು ವರ್ಷದವರೆಗೂ ಇರಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಊತ ದಿಢೀರನೆ ಹೆಚ್ಚಿ ಮೀನಖಂಡದಲ್ಲಿ ನೋವು ಮತ್ತು ಬಿಗಿತ ಕಾಣಿಸಿದರೆ, ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವೂ ಆಗಿರಬಹುದಾದ್ದರಿಂದ, ಬೂಟಿನ ಮೇಲೆ ಹೊರೆ ಹೊರಿಸಿ ಮನೆಯಲ್ಲಿ ಕೂರದೆ ಅಂದೇ ಆಸ್ಪತ್ರೆಗೆ ಬರಬೇಕು ಎಂದೂ ಹೇಳಿದರು. ಉಸಿರಾಟಕ್ಕೆ ತೊಂದರೆಯಾದರಂತೂ ಒಂದು ಕ್ಷಣವೂ ತಡ ಮಾಡಬಾರದಂತೆ.

ಅಂಗಡಿಯ ಕಥೆಯನ್ನು ಬೇಗ ಮುಗಿಸುತ್ತೇನೆ. "ಕತ್ತರಿಸಿದ ಬೂಟನ್ನು ಯಾರು ವಾಪಸ್ ತಗೊಳ್ತಾರೆ ಸರ್" ಎಂದರು, ಅದು ನ್ಯಾಯವೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ವಾಪಸಾತಿಯ ಬಗ್ಗೆ ಇರುವ ರಕ್ಷಣೆ ದೋಷವಿರುವ ವಸ್ತುವಿಗೆ. ನನ್ನ ಕಾಲಿಗೆ ಹೊಂದಲಿಲ್ಲ ಎಂಬುದು ಬೂಟಿನ ದೋಷವಾಗುವುದಿಲ್ಲ. ಕೊಳ್ಳುವಾಗಲೇ, ಮನೆಯೊಳಗೆ ಮಾತ್ರ ಹಾಕಿ ನೋಡಿ ಒಂದು ವಾರದೊಳಗೆ ಬದಲಿಸಬಹುದು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕಿತ್ತು. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ನಾನು ಇನ್ನು ಕೊಳ್ಳುವುದಿಲ್ಲ.

ನನ್ನಂಥ ಕಾಲಿರುವವರು ಬೂಟು ನೋಡಲು ಸಂಜೆ ಆರರ ನಂತರ ಹೋಗಿ, ದಿನವಿಡೀ ಓಡಾಡಿದ ಮೇಲೆ. ಡಾಕ್ಟರು ಒತ್ತಡದ ಸ್ಟಾಕಿಂಗ್ ಕೊಟ್ಟಿದ್ದರೆ ಅದನ್ನೂ ಹಾಕಿಕೊಂಡೇ ಹೋಗಿ, ಏಕೆಂದರೆ ಅದರ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹಾಕಿಕೊಂಡು ಇಪ್ಪತ್ತು ನಿಮಿಷ ಅಂಗಡಿಯಲ್ಲಿಯೇ ಕುಳಿತು, ಅನಂತರ ಯಾರ ಸಹಾಯವೂ ಇಲ್ಲದೆ ತೆಗೆಯಲು ಆಗುತ್ತದೆಯೇ ಎಂದು ನೋಡಿ. ಹಾಕುವ ಪರೀಕ್ಷೆಗಿಂತ ತೆಗೆಯುವ ಪರೀಕ್ಷೆ ದೊಡ್ಡದು: ಎಲ್ಲಿಯಾದರೂ ಬಿದ್ದರೆ ಆಸ್ಪತ್ರೆಯವರೂ ಅದನ್ನು ತೆಗೆಯಬೇಕಲ್ಲವೇ? ಅಂಗಡಿಯ ಹೊರಗೆ ನಿಂತ ನಿಮ್ಮದೇ ಬೈಕಿನ ಮೇಲೆ ಕುಳಿತು ಹತ್ತು ಬಾರಿ ಗೇರ್ ಲಿವರ್ ಎತ್ತಿ ನೋಡಿ. ಲಿವರನ್ನು ಬೋಲ್ಟ್ ಸಡಿಲಿಸಿ ಒಂದು ಹಲ್ಲು ಮೇಲೆ ಕೂರಿಸಬಹುದೆಂಬುದು ನನಗೆ ನಂತರ ಮೆಕ್ಯಾನಿಕ್ ಹೇಳಿ ತಿಳಿಯಿತು, ಐದು ನಿಮಿಷದ ಕೆಲಸ. ಹಿಮ್ಮಡಿಯಿಂದ ಒತ್ತಿ ಗೇರ್ ಏರಿಸುವ ಎರಡು ತುದಿಯ ಲಿವರ್ ನಿಮ್ಮ ಬೈಕಿಗೆ ಸಿಗುವುದಾದರೆ ಪಾದ ಎತ್ತುವ ಕಷ್ಟವೇ ಇಲ್ಲ.

"ಸಿಇ ಇದೆ ಸರ್" ಎಂಬ ಮಾತಿಗೆ ಮರುಳಾಗಬೇಡಿ; ಸಿಇ ಎಂದರೆ ವಸ್ತು ಯುರೋಪಿನ ಸುರಕ್ಷತಾ ನಿಯಮಗಳಿಗೆ ಒಪ್ಪುತ್ತದೆ ಎನ್ನುವ ಗುರುತು. ಬೈಕ್ ಸವಾರರ ಪಾದರಕ್ಷೆಗೆ ಯುರೋಪಿನ ಮಾನದಂಡ ಇಎನ್ 13634. ಅದರ 2017ರ ಆವೃತ್ತಿಯ ಪ್ರಕಾರ ಪರೀಕ್ಷೆಯಾದ ಬೂಟಿನ ಒಳಗಿನ ಚೀಟಿಯಲ್ಲಿ ಬೈಕ್ ಸವಾರನ ಚಿತ್ರದ ಜೊತೆ ನಾಲ್ಕು ಅಂಕಿಗಳಿರುತ್ತವೆ, ಪ್ರತಿಯೊಂದೂ 1 ಅಥವಾ 2: ಎತ್ತರ, ಉಜ್ಜುವಿಕೆ, ಕೊಯ್ತ, ಅಡ್ಡಲಾಗಿ ಅಮುಕಿದಾಗಿನ ಗಟ್ಟಿತನ. ಮಣಿಗಂಟಿಗೆ ಬೀಳುವ ಪೆಟ್ಟಿನ ಪರೀಕ್ಷೆ ಇದರಲ್ಲಿ ಐಚ್ಛಿಕ. ಅದಾಗಿದ್ದರೆ ಮಾತ್ರ ಐಪಿಎ ಎಂಬ ಅಕ್ಷರಗಳಿರುತ್ತವೆ. ನನ್ನ ಬೂಟಿನಲ್ಲಿದ್ದುದು ಸಿಇ ಎಂಬ ಎರಡಕ್ಷರ ಮಾತ್ರ, ಅದೂ ಅಂಟಿಸಿದ್ದು.

ಮತ್ತೊಬ್ಬರು ಬೂಟನ್ನು ಅಚ್ಚಿಗೆ ಹಾಕಿಸಿ ಹಿಗ್ಗಿಸಬಹುದು ಎಂದಿದ್ದರು. ಬರೀ ತೊಗಲಿನ ಬೂಟಾದರೆ ಸ್ವಲ್ಪ ಹಿಗ್ಗುತ್ತದೆ. ನೀರು ತಡೆಯುವ ಪದರವಿರುವ ಬೂಟನ್ನು ಹಾಗೆ ಎಳೆದರೆ ಒಳಗಿನ ಪದರದ ಹೊಲಿಗೆ ಬಿಟ್ಟುಕೊಂಡು, ಮೊದಲ ಮಳೆಗೇ ನೀರು ಒಳಗೆ ಬರುವ ಸಂಭವವಿದೆ.

ಈಗ ನನ್ನ ಬಳಿಯಿರುವುದು ಮಣಿಗಂಟಿಗಿಂತ ಒಂದು ಗೇಣು ಮಾತ್ರ ಎತ್ತರದ, 8ನೇ ಸೈಜಿನದೇ ಆದ, ಅಗಲದ ಅಚ್ಚಿನ ಬೂಟು. ಮುಂದೆ ಬೆರಳುಗಳ ಹತ್ತಿರದವರೆಗೂ ಬಿಚ್ಚಿಕೊಳ್ಳುವ ಲೇಸ್, ಒಳಬದಿಗೆ ಜಿಪ್. ಬೆಳಿಗ್ಗೆ ಬಿಗಿದ ಲೇಸನ್ನು ಸಂಜೆ ಹೊರಡುವಾಗ ಎರಡು ಬೆರಳು ಸಡಿಲಿಸಿ, ತುದಿಗಳು ಲಿವರಿಗೆ ಸುತ್ತಿಕೊಳ್ಳದಂತೆ ಒಳಗೆ ಸಿಕ್ಕಿಸುತ್ತೇನೆ. ಮಣಿಗಂಟಿನ ಪ್ಯಾಡ್ ಮೃದುವಾದ ಫೋಮಿನ ಮೇಲೆ ಕೂತಿರುವುದರಿಂದ ಪ್ಲೇಟಿಗೆ ಒತ್ತುವುದಿಲ್ಲ. ಮಳೆಗೆ ಇದು ನಿಲ್ಲುವುದಿಲ್ಲ, ಮೇಲೆ ರಬ್ಬರ್ ಕವರ್ ಹಾಕಿಯೂ ಒದ್ದೆಯಾಗುತ್ತದೆ. ಆದ್ದರಿಂದ ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸು, ಆಫೀಸಿನ ಮೇಜಿನ ಕೆಳಗೆ ಒಂದು ಜೊತೆ ಚಪ್ಪಲಿ. ಹಳೆಯ ಬೂಟಿನ ಬಲಗಾಲಿನದು ಹೊಸದರಂತೆಯೇ ಇದೆ, 10ನೇ ಸೈಜ್. ಆಟಿ ತಿಂಗಳ ಮಳೆಗೆ ಸ್ವಲ್ಪ ಬೂಷ್ಟು ಹಿಡಿದಿದೆ. ಬೇಕಾದವರು ಉದ್ಯಾವರದ ಜಗಲಿಯಿಂದ ಒಯ್ಯಬಹುದು.