ಜೆಪ್ಪುವಿನಿಂದ ಕಂಕನಾಡಿಗೆ: ಮನೆಬೀದಿಗಳ ಚರಿತ್ರೆ ಹೇಳುವ ಒಂದು ನಡಿಗೆ

ಮಂಗಳೂರಿನಲ್ಲಿ ಪಾರಂಪರಿಕ ತಾಣಗಳ ದರ್ಶನವೆಂದರೆ ಸಾಮಾನ್ಯವಾಗಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ, ಮಿಲಾಗ್ರಿಸ್ ಚರ್ಚು, ಕದ್ರಿ ದೇವಸ್ಥಾನ, ಸುಲ್ತಾನ್ ಬತ್ತೇರಿಗಳನ್ನು ಕಾರಿನಲ್ಲಿ ಸುತ್ತಿ ಬರುವುದೇ ಆಗಿರುತ್ತದೆ. ನಗರದ ಖಾಸಗಿ ತಂಡವೊಂದು ಭಾನುವಾರ ಬೆಳಿಗ್ಗೆ ನಡೆಸುವ ಈ ನಡಿಗೆ ಆ ಪೈಕಿ ಒಂದನ್ನೂ ಮುಟ್ಟುವುದಿಲ್ಲ. ಮೋರ್ಗನ್ಸ್‌ಗೇಟಿನಿಂದ ಹೊರಟು, ಜೆಪ್ಪು, ಕಾಸ್ಸಿಯಾ, ವೆಲೆನ್ಸಿಯಾಗಳ ಒಳರಸ್ತೆಗಳನ್ನು ಹಾದು ಕಂಕನಾಡಿಯಲ್ಲಿ ಮುಗಿಯುವ ದಾರಿಯುದ್ದಕ್ಕೂ ಜನ ಈಗಲೂ ಬಾಳುತ್ತಿರುವ ಮನೆಗಳು, ಕಂಪೌಂಡು ಗೋಡೆಗಳು, ವಿನಾಕಾರಣ ಎಂಬಂತೆ ತಿರುಗುವ ಓಣಿಗಳು ಸಿಗುತ್ತವೆ. ಈ ತಿರುವುಗಳಿಗೂ ಕಾರಣವಿದೆ ಎಂದು ಮನಗಾಣಿಸುವುದರಲ್ಲಿ ತಂಡ ಬಹುಮಟ್ಟಿಗೆ ಗೆದ್ದಿದೆ.

ವಿವರಣೆ ಆರಂಭವಾಗುವುದು ಹಂಚಿನಿಂದ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಜೇಡಿಮಣ್ಣು, ಸೌದೆ, ಸಿದ್ಧವಾದ ಸರಕು ಇವೆಲ್ಲವನ್ನೂ ದೋಣಿಯಲ್ಲಿ ಸಾಗಿಸಲು ನೇತ್ರಾವತಿ ಹತ್ತಿರದಲ್ಲೇ ಇತ್ತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಮುಳಿಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊದೆಸುವ ಕೆಲಸವನ್ನೂ ಬೆಂಕಿಯ ಭಯವನ್ನೂ ತಪ್ಪಿಸಿದ ಈ ಹಂಚು ಮನೆಯ ಆಕಾರವನ್ನೇ ಬದಲಿಸಿತು ಎಂಬುದನ್ನು ಮಾರ್ಗದರ್ಶಕರು ಒಂದು ಹಳೆಯ ಮನೆಯ ಜಗಲಿಯಲ್ಲಿ ನಿಂತು, ಮಾಡಿನ ಇಳಿಜಾರು ತೊಲೆಗಳಾದ ಪಕ್ಕಾಸು, ಅವುಗಳ ಮೇಲೆ ಅಡ್ಡಕ್ಕೆ ಹೊಡೆದ ರೀಪು, ಹಂಚಿನ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಬಗೆ ಇವನ್ನೆಲ್ಲ ಬೆರಳಿಟ್ಟು ತೋರಿಸಿ ವಿವರಿಸುತ್ತಾರೆ. ಗೋಡೆಯ ಮುರಕಲ್ಲಿನ ಮಾತು ಅಲ್ಲಿಂದ ಸಹಜವಾಗಿ ಮುಂದುವರಿಯುತ್ತದೆ. ಕಡಿಯುವಾಗ ಮೆದುವಾಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಈ ಕಲ್ಲೇ ಇಲ್ಲಿನ ಗುಡ್ಡದ ಮೈಯೂ ಆಗಿರುವುದರಿಂದ, ಇಳಿಜಾರಿನ ರಸ್ತೆಗಳು ಹಲವೆಡೆ ಎರಡು ಬರೆಗಳ (ಕಡಿದ ಗುಡ್ಡದ ಕಡಿದಾದ ಬದಿಗಳ) ನಡುವೆ ತಗ್ಗಿನಲ್ಲಿ ಸಾಗುತ್ತವೆ ಮತ್ತು ಮನೆಗಳು ತಲೆಯ ಮೇಲಿನ ಎತ್ತರದಲ್ಲಿ ಉಳಿಯುತ್ತವೆ.

ನಡಿಗೆಯ ಅತ್ಯುತ್ತಮ ಭಾಗವೆಂದರೆ ಮೂಲಗೇಣಿಯ ವಿವರಣೆ. ಕರಾವಳಿಯ ಹೊರಗಿನವರಿಗೆ ಇದು ಅಪರಿಚಿತ ವಿಷಯವಾಗಿರಬಹುದು. ಊರಿನವರಲ್ಲಿಯೂ ವಕೀಲರ ಮನೆ ಹತ್ತಿ ಇಳಿದವರಿಗಷ್ಟೇ ಪೂರ್ತಿ ಅರ್ಥವಾಗಿರುತ್ತದೆ. ಭೂಮಿಯ ಮೂಲಿ ಹಕ್ಕು, ಅಂದರೆ ಮೂಲ ಒಡೆತನ, ಒಬ್ಬರಲ್ಲಿ, ನಿಗದಿತ ಗೇಣಿ ಕೊಟ್ಟು ತಲೆಮಾರುಗಳವರೆಗೆ ಅನುಭವಿಸುವ ಹಕ್ಕು ಇನ್ನೊಬ್ಬರಲ್ಲಿ, ಕೆಲವೆಡೆ ಅವರಿಂದ ಒಳಮೂಲಗೇಣಿಗೆ ಪಡೆದ ಮೂರನೆಯವರಲ್ಲಿ ಮನೆ ಎಂಬಂತೆ ಒಂದೇ ನೆಲದ ಮೇಲೆ ಹಕ್ಕುಗಳು ಪದರಪದರವಾಗಿ ಕುಳಿತಿದ್ದವು. ಗೇಣಿಯ ಮೊತ್ತ ಬದಲಾಗದೆ ಉಳಿದು ಕಾಲಕ್ರಮೇಣ ಹೆಸರಿಗಷ್ಟೇ ಎಂಬಂತಾಯಿತು, ನೆಲದ ಬೆಲೆ ಮಾತ್ರ ಏರುತ್ತಲೇ ಹೋಯಿತು. 1974ರ ಭೂಸುಧಾರಣೆ ಕೃಷಿಭೂಮಿಯ ಗೇಣಿದಾರರಿಗೆ ಒಡೆತನ ಕೊಟ್ಟರೂ ಪೇಟೆಯ ಮನೆ ಅಡಿಗಳ ಮೂಲಗೇಣಿ ಹಾಗೆಯೇ ಉಳಿಯಿತು. ಅದಕ್ಕಾಗಿ ರಾಜ್ಯವು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಒಂದು ಬದಿಯಲ್ಲಿ ಬಹುಮಹಡಿ ವಸತಿ ಸಮುಚ್ಚಯ ಎದ್ದಿದ್ದು ಎದುರು ಬದಿಯಲ್ಲಿ ಹಂಚಿನ ಮನೆ ಹಲಸಿನ ಮರದ ಸಮೇತ ಉಳಿದಿರುವುದನ್ನು ಕಂಡಾಗ ನಾವು ಮನೆಯವರ ಪರಂಪರಾಪ್ರೀತಿಯನ್ನು ಹೊಗಳಿಬಿಡುತ್ತೇವೆ. ಅಲ್ಲಿ ಕಾಗದಪತ್ರದ ತೊಡಕೂ ಕಾರಣವಾಗಿರಬಹುದು ಎಂದು ಮಾರ್ಗದರ್ಶಕರು ನಯವಾಗಿಯೇ ಸೂಚಿಸಿದರು. ಒಂದೇ ಗೇಟಿನೊಳಗೆ ಹಲವು ಮನೆಗಳಿರುವ, ಕುಟುಂಬದ ಹೆಸರಿನಿಂದಲೇ ಗುರುತಿಸಲ್ಪಡುವ ‘ಕಂಪೌಂಡು’ಗಳನ್ನು ಅವರು ಇದೇ ಹಿನ್ನೆಲೆಯಲ್ಲಿಟ್ಟು ವಿವರಿಸಿದ್ದು ನನಗೆ ಬಹಳ ಹಿಡಿಸಿತು.

ಆಮೇಲಿನ ದಾರಿ ಸ್ವಲ್ಪ ಸಪ್ಪೆ. 1878ರ ಕೊನೆಯಲ್ಲಿ ಬಂದ ಜೆಸುಯಿಟ್ ಪಾದ್ರಿಗಳು, 1879ರಲ್ಲಿ ಆರಂಭವಾಗಿ ಇಂದು ಜೆಪ್ಪುವಿನಲ್ಲಿರುವ ಸೆಮಿನರಿ, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದ ಫಾದರ್ ಮುಲ್ಲರ್ ಇವರ ವಿಷಯವೆಲ್ಲ ಬರುತ್ತದೆ, ಆದರೆ ಇಸವಿಗಳ ಸಾಲಾಗಿ ಬರುತ್ತದೆ. ಕಾಸ್ಸಿಯಾದಲ್ಲಿ ಸಂತ ರೀಟಾಳ ಚರ್ಚು, ವೆಲೆನ್ಸಿಯಾದಲ್ಲಿ ಸಂತ ವಿನ್ಸೆಂಟ್ ಫೆರರ್ ಚರ್ಚು ಇದ್ದು, ಇಟಲಿಯ ಕಾಸ್ಸಿಯಾ ರೀಟಾಳ ಊರು, ಸ್ಪೇನಿನ ವೆಲೆನ್ಸಿಯಾ ವಿನ್ಸೆಂಟರ ಊರು ಎಂಬ ಸಂಗತಿ ಮಾತ್ರ ಎಲ್ಲರನ್ನೂ ಎಚ್ಚರಗೊಳಿಸಿತು. ಇಂಥ ಸಂಸ್ಥೆಗಳ ಸುತ್ತ ಮನೆಗಳು ಹೇಗೆ ಕೂಡಿಕೊಂಡವು, ನೆಲ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಹಿಂದಿನ ಭಾಗದ ಗಟ್ಟಿತನದಲ್ಲೇ ಹೇಳಿದ್ದರೆ ನಡಿಗೆಯ ಉತ್ತರಾರ್ಧಕ್ಕೆ ಬೇರೆಯೇ ತೂಕ ಬರುತ್ತಿತ್ತು.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಹಂಚಿನ ಬಗ್ಗೆ ಇಷ್ಟು ಹೇಳುವವರು ಹಂಚು ಮಾಡಿದವರ ಮನೆಗಳ ಬಗ್ಗೆ ಬಹುತೇಕ ಏನನ್ನೂ ಹೇಳುವುದಿಲ್ಲ. ಮತಾಂತರಗೊಂಡು ಕುಲವೃತ್ತಿಯನ್ನೂ ಬಂಧುಬಳಗದ ಆಸರೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಮಿಷನ್ನಿನ ಕಾರ್ಖಾನೆಗಳ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು; ಆ ದುಡಿಮೆಗಾರರ ಬದುಕು ನಡೆದದ್ದು ಇದೇ ಜೆಪ್ಪುವಿನ ಓಣಿಗಳಲ್ಲಿ. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದಾಗ ಅವರ ಪಾಲಿಗೆ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ನಮ್ಮ ಗುಂಪಿನ ಹಿರಿಯರೊಬ್ಬರು ಎತ್ತಿದರು. ಉತ್ತರ ಬರುವಷ್ಟರಲ್ಲಿ ಗುಂಪು ಮುಂದೆ ನಡೆದಿತ್ತು. ವಿಶಾಲ ಜಗಲಿಯ ಮನೆಗಳ ಮುಂದೆ ಕಳೆದ ಸಮಯದಲ್ಲಿ ಕಾಲುಭಾಗವನ್ನಾದರೂ ಇತ್ತ ತಿರುಗಿಸಬಹುದಿತ್ತು. ಸಾಮಗ್ರಿ ದೊರೆಯದೆ ಹೀಗಾಯಿತು ಎನ್ನುವಂತಿಲ್ಲ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ನಗರದಲ್ಲೇ ಇದೆ, ಬಾಸೆಲ್‌ನಲ್ಲಿರುವ ಮಿಷನ್ನಿನ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು.

ವ್ಯವಸ್ಥೆಯ ವಿಚಾರದಲ್ಲಿ ದೂರು ಕಡಿಮೆ. ಗುಂಪು ಚಿಕ್ಕದು, ಶುಲ್ಕ ದುಬಾರಿಯಲ್ಲ, ಒಳಗೆ ಕರೆದೊಯ್ಯುವ ಮನೆಗಳಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರುತ್ತಾರೆ, ಫೋಟೊ ತೆಗೆಯುವ ಮುನ್ನ ಮನೆಯವರನ್ನು ಕೇಳಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. (ಗೇಟಿನೊಳಗಿನ ನಾಯಿಗಳು ಮಾತ್ರ ಈ ಒಪ್ಪಂದಕ್ಕೆ ಸಹಿ ಹಾಕಿದಂತಿಲ್ಲ.) ಕೈಗೆ ಕೊಡುವ ನಕ್ಷೆ ತೀರಾ ಸಾಧಾರಣವಾಗಿದ್ದು, ಅಡ್ಡರಸ್ತೆಗಳ ಹೆಸರುಗಳೇ ಅದರಲ್ಲಿಲ್ಲ. ವಿವರಣೆ ಇಂಗ್ಲಿಷಿನಲ್ಲಿರುತ್ತದೆ, ಕನ್ನಡದಲ್ಲಿ ಬೇಕಿದ್ದರೆ ಹೆಸರು ನೋಂದಾಯಿಸುವಾಗಲೇ ಹೇಳಬೇಕು, ಹಾಗೆ ಹೇಳಿದವರಿಗೆ ಸೊಗಸಾದ ಕನ್ನಡವೇ ಸಿಗುತ್ತದೆ. ಏರು ರಸ್ತೆಗಳು ಹೆಚ್ಚಿರುವುದರಿಂದ ಮಂಡಿನೋವಿನವರು ಕಂಕನಾಡಿಯಿಂದ ಕೆಳಗೆ ಇಳಿಯುವ ಕ್ರಮದಲ್ಲಿ ನಡಿಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿ ನೋಡಬಹುದು. ಸೆಪ್ಟೆಂಬರಿನ ನಂತರ, ಮಳೆ ಹಿಂದೆ ಸರಿದು ಗೋಡೆಗಳ ಮೇಲೆ ಪಾಚಿ ಇನ್ನೂ ಹಸಿರಾಗಿರುವ ವಾರಗಳಲ್ಲಿ ಹೋಗುವುದು ಒಳಿತು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಮೂಲಗೇಣಿಯ ಕಾನೂನನ್ನು ನಿಂತು ಕೇಳುವುದು ಕಷ್ಟ.