ಟ್ರಮಡಾಲ್ ಜಾಗಕ್ಕೆ ಏನೇನು: ಫೈಬ್ರೊಮಯಾಲ್ಜಿಯಾಕ್ಕೆ ನಾನು ಬಳಸಿ ನೋಡಿದ ದಾರಿಗಳ ಹೋಲಿಕೆ

ಮೈಯೆಲ್ಲ ನೋಯುತ್ತಲೇ ಇರುವ ಕಾಯಿಲೆಯಾದ ಫೈಬ್ರೊಮಯಾಲ್ಜಿಯಾ ಇರುವವರು ಓಪಿಯಾಯ್ಡ್ (ಅಫೀಮಿನ ಬಳಗದ ನೋವುನಿವಾರಕ) ಮಾತ್ರೆ ಬಿಡಲು ಹೊರಟಾಗ ಮೊದಲು ಕೇಳುವುದು ‘ಇದರ ಬದಲಿಗೆ ಯಾವ ಮಾತ್ರೆ?’ ಎಂದು. ಈ ಪ್ರಶ್ನೆ ಹಿಡಿದು ಹೊರಟರೆ ನಿರಾಸೆಯೇ ಗತಿ. ಇಂತಹ ಮಾತ್ರೆಗಳಲ್ಲಿ ಒಂದಾದ ಟ್ರಮಡಾಲ್ ನನಗೆ ಮೂರು ಬೇರೆ ಬೇರೆ ಕೆಲಸ ಮಾಡಿಕೊಡುತ್ತಿತ್ತು. ನೋವು ಕೆರಳಿದ ಹೊತ್ತನ್ನು ದಾಟಿಸುತ್ತಿತ್ತು, ರಾತ್ರಿ ಕಣ್ಣು ಮುಚ್ಚಿಸುತ್ತಿತ್ತು, ಬೆಳಿಗ್ಗೆ ಬಿಗಿದುಕೊಂಡ ಮೈಯನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಮೂರನ್ನೂ ಒಟ್ಟಿಗೆ ಮಾಡುವ ಬದಲಿ ನನಗೆ ಸಿಗಲೇ ಇಲ್ಲ. ಬಿಡಿ ಬಿಡಿಯಾಗಿ ಹುಡುಕಿದಾಗ ಮಾತ್ರ ಒಂದೊಂದು ಕೆಲಸಕ್ಕೂ ಅದಕ್ಕಿಂತ ಒಳ್ಳೆಯದು ಸಿಕ್ಕಿತು. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕ ನನಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಮಾತ್ರೆ ನುಂಗಿದ ಗಂಟೆಯಲ್ಲಿ ಆ ಅಂಕ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಮರುದಿನವನ್ನು ನೋಡಿದೆ. ಒದ್ದೆ ಬಟ್ಟೆಯನ್ನು ಪೂರ್ತಿ ಹಿಂಡಲು ಆಗುತ್ತದೆಯೇ, ತಲೆ ಬಾಚಲು ತೋಳೆತ್ತಿದರೆ ಅದು ಅಲ್ಲೇ ನಿಲ್ಲುತ್ತದೆಯೇ, ಓದಿದ ಪುಟ ಮುಂದಿನ ಪುಟಕ್ಕೆ ಹೋಗುವವರೆಗಾದರೂ ನೆನಪಿರುತ್ತದೆಯೇ? ಕೆಳಗಿನ ತೀರ್ಪುಗಳೆಲ್ಲ ಈ ಮೂರರ ಮೇಲೆ ನಿಂತಿವೆ.

ಟ್ರಮಡಾಲ್ ಈ ಪರೀಕ್ಷೆಯಲ್ಲಿ ಸೋತಿತು. ಅದಕ್ಕೆ ಕಾರಣ ನನ್ನ ದೇಹ ಮಾತ್ರ ಅಲ್ಲ. ಈ ಕಾಯಿಲೆಯಲ್ಲಿ ಮೆದುಳು ಮತ್ತು ಬೆನ್ನುಹುರಿ ಸಾಮಾನ್ಯ ಸ್ಪರ್ಶ, ಒತ್ತಡಗಳನ್ನೂ ಹಿಗ್ಗಿಸಿ ನೋವಾಗಿ ತೋರಿಸುತ್ತವೆ. 2007ರಲ್ಲಿ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಓಪಿಯಾಯ್ಡ್ ಬಂದು ಕೂರಬೇಕಾದ ‘ಮ್ಯೂ’ ಗ್ರಾಹಿಗಳು ಇಂತಹ ರೋಗಿಗಳ ಮೆದುಳಿನ ಕೆಲವು ಭಾಗಗಳಲ್ಲಿ ಅಷ್ಟಾಗಿ ಖಾಲಿ ಇಲ್ಲ ಎಂದು ಕಂಡುಬಂತು. ದೇಹವೇ ತಯಾರಿಸುವ ಓಪಿಯಾಯ್ಡ್‌ಗಳು ಆ ಜಾಗವನ್ನು ಆಗಲೇ ಹಿಡಿದಿರಬಹುದು ಎಂಬುದು ಒಂದು ವಿವರಣೆ. ಇದರ ಜೊತೆಗೆ, ದೀರ್ಘಕಾಲದ ಬಳಕೆಯಿಂದ ನೋವಿನ ಸೂಕ್ಷ್ಮತೆ ತಾನೇ ಹೆಚ್ಚಬಹುದು. ಯುರೋಪಿನ ಸಂಧಿವಾತ ತಜ್ಞರ ಸಂಘಟನೆಯಾದ ಯೂಲಾರ್ ಪರಿಷ್ಕರಿಸಿದ ಶಿಫಾರಸುಗಳು ಪ್ರಬಲ ಓಪಿಯಾಯ್ಡ್‌ಗಳು ಬೇಡವೆಂದೇ ಹೇಳುತ್ತವೆ. ಟ್ರಮಡಾಲ್‌ಗೆ ಮಾತ್ರ ಅರೆಮನಸ್ಸಿನ ಒಪ್ಪಿಗೆ ಇದೆ. ಅದು ಸೆರೊಟೋನಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ಮೆದುಳಿನ ರಾಸಾಯನಿಕಗಳ ಮೇಲೂ ಕೆಲಸ ಮಾಡುತ್ತದೆ. ನನಗೆ ಅದರಿಂದ ಮೊದಮೊದಲು ಹಿತವಾಗಿದ್ದೂ ಬಹುಶಃ ಇದೇ ಕಾರಣಕ್ಕೆ. ಆಮೇಲೆ ಉಳಿದದ್ದು ಮಲಬದ್ಧತೆ, ಮಂಪರು ಮತ್ತು ಮುಂದಿನ ಮಾತ್ರೆಯ ಹೊತ್ತಿಗಾಗಿ ಕಾಯುವುದು.

ಕೆರಳಿದ ಹೊತ್ತಿಗೆ: ಟೆನ್ಸ್ ಯಂತ್ರವೋ, ಸಾಮಾನ್ಯ ನೋವಿನ ಮಾತ್ರೆಯೋ

ಐಬುಪ್ರೊಫೆನ್ ಥರದ ಉರಿಯೂತ ತಗ್ಗಿಸುವ ಮಾತ್ರೆಗಳ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಇಲ್ಲಿ ತಗ್ಗಿಸಲು ಉರಿಯೂತವೇ ಇಲ್ಲ, ಆದ್ದರಿಂದ ಹೊಟ್ಟೆ ಕೆಡಿಸಿಕೊಂಡದ್ದಷ್ಟೇ ಬಂತು. ಪ್ಯಾರಾಸಿಟಮಾಲ್ ತಲೆನೋವಿಗೆ ಆಗುತ್ತಿತ್ತು, ಮೈನೋವಿಗೆ ಆಗಲಿಲ್ಲ.

ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳ ಮೂಲಕ ಸಣ್ಣ ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಯಂತ್ರದಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಮಲಗಿಕೊಂಡು ಹಾಕಿಕೊಂಡರೆ ಅದು ಬರೀ ಜುಮ್ಮೆನ್ನುವ ಅನುಭವ. ಕತ್ತಿನ ಕೆಳಗೆ ಎರಡು ಪಟ್ಟಿ, ಸೊಂಟಕ್ಕೆ ಎರಡು ಪಟ್ಟಿ ಅಂಟಿಸಿಕೊಂಡು ಪಾತ್ರೆ ತೊಳೆಯಲು ನಿಂತಾಗ ವ್ಯತ್ಯಾಸ ತಿಳಿಯಿತು: ಕೈ ಚಾಚಿದಾಗ ಭುಜದಿಂದ ಹೊರಡುವ ಸೆಳೆತ ಅರ್ಧಕ್ಕೆ ನಿಂತಿತು. 2020ರಲ್ಲಿ ಪ್ರಕಟವಾದ, 301 ಮಹಿಳೆಯರು ಭಾಗವಹಿಸಿದ್ದ ಅಮೆರಿಕದ ಪ್ರಯೋಗದಲ್ಲಿಯೂ ಚಲನೆಯ ಹೊತ್ತಿನ ನೋವು ಮತ್ತು ದಣಿವು ಟೆನ್ಸ್‌ನಿಂದ ಕಡಿಮೆಯಾದವು. ಅಲ್ಲಿಯೂ ಅದನ್ನು ಓಡಾಡುವಾಗಲೇ ಬಳಸಿದ್ದರು. ಇನ್ನೊಂದು ಸಂಗತಿ ಓಪಿಯಾಯ್ಡ್ ತೆಗೆದುಕೊಳ್ಳುವವರಿಗೆ ಬಹಳ ಮುಖ್ಯ. ಕಡಿಮೆ ಆವರ್ತನದ ಟೆನ್ಸ್ ಕೆಲಸ ಮಾಡುವುದು ಅದೇ ಮ್ಯೂ ಗ್ರಾಹಿಗಳ ಮೂಲಕ. ಮಾತ್ರೆಗೆ ಒಗ್ಗಿಹೋದ ದೇಹದಲ್ಲಿ ಅದು ಸಪ್ಪೆಯಾಗುತ್ತದೆ. ನನ್ನ ಫಿಸಿಯೋಥೆರಪಿಸ್ಟ್ ಆವರ್ತನ ಏರಿಳಿಯುವ ವಿಧಾನಕ್ಕೆ ಬದಲಿಸಿಕೊಟ್ಟ ಮೇಲೆಯೇ ನನಗೆ ಅದರ ಪ್ರಯೋಜನ ತಿಳಿದದ್ದು. ಪೇಸ್‌ಮೇಕರ್ ಇರುವವರಿಗೆ ವೈದ್ಯರ ಒಪ್ಪಿಗೆ ಇಲ್ಲದೆ ಇದು ಕೂಡದು.

ಟ್ರಮಡಾಲ್‌ನಷ್ಟು ಆಳಕ್ಕೆ ಟೆನ್ಸ್ ಇಳಿಯುವುದಿಲ್ಲ, ಯಂತ್ರ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ನೋವು ಮರಳುತ್ತದೆ. ಆದರೂ ಮರುದಿನ ತಲೆ ತಿಳಿಯಾಗಿರುತ್ತದೆ. ನನ್ನ ಮತ ಟೆನ್ಸ್‌ಗೆ.

ರಾತ್ರಿಗೆ: ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್, ನಿದ್ರೆಯ ತರಬೇತಿ

ಆರೋಗ್ಯವಂತರ ಗಾಢ ನಿದ್ರೆಯನ್ನು ಕೆಡಿಸಿದರೆ ಅವರ ಮೈಯಲ್ಲೂ ಇಂಥದೇ ನೋವು ಕಾಣಿಸಿಕೊಳ್ಳುತ್ತದೆ ಎಂದು ನಿದ್ರೆಯ ಸಂಶೋಧಕ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಸಹೋದ್ಯೋಗಿಗಳು 1975ರಲ್ಲೇ ತೋರಿಸಿದ್ದರು. ಓಪಿಯಾಯ್ಡ್ ಕಣ್ಣು ಮುಚ್ಚಿಸುತ್ತದೆ, ಆದರೆ ಗಾಢ ನಿದ್ರೆಯನ್ನು ಕಡಿಮೆ ಮಾಡುತ್ತದೆ. ಹತ್ತು ಗಂಟೆ ಮಲಗಿ ಎದ್ದರೂ ಇಡೀ ರಾತ್ರಿ ಹೊರೆ ಹೊತ್ತಂತೆ ಇರುತ್ತಿದ್ದುದು ಏಕೆಂದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

ಅಮಿಟ್ರಿಪ್ಟಿಲಿನ್ ಹಳೆಯ ಖಿನ್ನತೆಯ ಔಷಧ. ಇಲ್ಲಿ ಅದನ್ನು 10 ಮಿಲಿಗ್ರಾಂನಂತಹ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ನಿದ್ರೆ ಮಧ್ಯೆ ಮಧ್ಯೆ ಒಡೆಯುವುದು ನಿಂತಿತು. ಬಾಯಿ ಒಣಗುತ್ತಿತ್ತು. ಬೆಳಗಿನ ಮಂಪರು, ಮಲಗುವ ಹೊತ್ತಿಗಿಂತ ಸಾಕಷ್ಟು ಮೊದಲೇ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಬಹುಪಾಲು ಹೋಯಿತು. ಹೃದಯ ಬಡಿತದ ತೊಂದರೆ ಅಥವಾ ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಇದು ಹೊಂದುವುದಿಲ್ಲ.

ಪ್ರಿಗ್ಯಾಬಲಿನ್ ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ, 2007ರಲ್ಲಿ. ನಿದ್ರೆಯ ಆಳದಲ್ಲಿ ಅಮಿಟ್ರಿಪ್ಟಿಲಿನ್‌ಗಿಂತ ಇದೇ ಮೇಲು ಎಂದು ಪ್ರಾಮಾಣಿಕವಾಗಿ ಹೇಳಬಲ್ಲೆ. ಆದರೆ ಹಗಲಿನಲ್ಲಿ ಅದು ಕೇಳಿದ ಬೆಲೆ ದೊಡ್ಡದು. ಮೆಟ್ಟಿಲಿಳಿಯುವಾಗ ತಲೆಸುತ್ತು, ಪಾದದಲ್ಲಿ ಊತ, ಏರುವ ತೂಕ, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಗೆ ಬಾರದ ಪದಗಳು. ಪುಟ ನೆನಪಿಡುವ ಪರೀಕ್ಷೆಯಲ್ಲಿ ಟ್ರಮಡಾಲ್‌ಗಿಂತಲೂ ಕೆಳಗೆ ಬಂತು. ಓಪಿಯಾಯ್ಡ್ ಜೊತೆ ಸೇರಿದರೆ ಉಸಿರಾಟ ಕುಗ್ಗುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿದೆ. ಇದನ್ನೂ ಥಟ್ಟನೆ ನಿಲ್ಲಿಸುವಂತಿಲ್ಲ.

ಇವೆರಡನ್ನೂ ಹಿಂದಿಕ್ಕಿದ್ದು ಮಾತ್ರೆಯಲ್ಲ. ನಿದ್ರಾಹೀನತೆಗೆ ಕೊಡುವ ಅರಿವು–ವರ್ತನಾ ಚಿಕಿತ್ಸೆಯಲ್ಲಿ ಏಳುವ ಸಮಯವನ್ನು ಕಟ್ಟುನಿಟ್ಟಾಗಿ ಒಂದೇ ಇಡುತ್ತಾರೆ, ಹಾಸಿಗೆಯಲ್ಲಿ ಎಚ್ಚರವಾಗಿ ಕಳೆಯುವ ಹೊತ್ತನ್ನು ಬೇಕೆಂದೇ ಕತ್ತರಿಸುತ್ತಾರೆ. ನೋವಿದ್ದವರನ್ನು ಹಾಸಿಗೆಯಿಂದ ಎಬ್ಬಿಸುವುದು ಕ್ರೂರ ಎನಿಸುತ್ತದೆ, ಮೊದಲ ವಾರಗಳು ನಿಜಕ್ಕೂ ಕಷ್ಟ. ಆದರೆ ಈ ರೀತಿಯಿಂದ ಬಂದ ನಿದ್ರೆ ಮಾತ್ರೆ ನಿಲ್ಲಿಸಿದ ಮೇಲೂ ಉಳಿಯಿತು.

ಹಗಲಿಗೆ: ಡುಲೊಕ್ಸೆಟಿನ್ ಎದುರು ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್

ಡುಲೊಕ್ಸೆಟಿನ್ ಕೂಡ ಖಿನ್ನತೆಗೆ ಕೊಡುವ ಔಷಧವೇ. ಅದು 30 ಮಿಲಿಗ್ರಾಂನಿಂದ ಶುರುವಾಗಿ 60ಕ್ಕೆ ಏರಿತು. ಮೊದಲು ವಾಕರಿಕೆ, ಆಮೇಲೆ ವಿಪರೀತ ಬೆವರು. ನೋವು ಹೋಯಿತೆಂದು ಹೇಳಲಾರೆ. ನೋವಿನ ಮೇಲಿನ ಗಮನ ಸಡಿಲವಾಯಿತು, ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಧೈರ್ಯ ಬಂತು. ಇಂತಹ ಔಷಧಗಳಿಂದ ನೋವು ಅರ್ಧಕ್ಕರ್ಧ ಇಳಿಯುವುದು, ಔಷಧವಿಲ್ಲದ ಬರೀ ಸಕ್ಕರೆ ಗುಳಿಗೆಗೆ ಹೋಲಿಸಿದರೆ, ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಮಾತ್ರ. ಇದನ್ನು ಮೊದಲೇ ತಿಳಿದಿದ್ದರೆ ಔಷಧ ಫಲಿಸದವರು ತಮ್ಮನ್ನೇ ಹಳಿದುಕೊಳ್ಳುವುದು ತಪ್ಪುತ್ತದೆ.

ನಾಲ್ಟ್ರೆಕ್ಸೋನ್ ಮೂಲತಃ ಓಪಿಯಾಯ್ಡ್ ತಡೆಯುವ ಔಷಧ. ದಿನಕ್ಕೆ 4.5 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲಿ ಅದು ಬೇರೆ ರೀತಿ ಕೆಲಸ ಮಾಡಬಹುದೆಂಬ ಆಸೆ ಹುಟ್ಟಿಸಿದ್ದು 2009ರ ಒಂದು ಪುಟ್ಟ ಪ್ರಯೋಗ. ಡೆನ್ಮಾರ್ಕ್‌ನಲ್ಲಿ 99 ಮಹಿಳೆಯರೊಂದಿಗೆ 6 ಮಿಲಿಗ್ರಾಂ ಬಳಸಿ 12 ವಾರ ನಡೆಸಿದ ಪ್ರಯೋಗದಲ್ಲಿ ನೋವಿನ ವಿಷಯದಲ್ಲಿ ಅದು ಸಕ್ಕರೆ ಗುಳಿಗೆಯನ್ನು ಮೀರಿಸಲಿಲ್ಲ. ನೆನಪಿನ ತೊಂದರೆ ಮಾತ್ರ ಸ್ವಲ್ಪ ತಗ್ಗಿತು. ನನಗೂ ಆದದ್ದು ಹಾಗೆಯೇ. ತಲೆಯೊಳಗಿನ ಮಂಜು ತೆಳುವಾಯಿತು, ಮೈ ಹಾಗೆಯೇ ಉಳಿಯಿತು. ಅಡ್ಡಪರಿಣಾಮ ಕನಸುಗಳಷ್ಟೇ. ಓಪಿಯಾಯ್ಡ್ ದೇಹದಿಂದ ಪೂರ್ತಿ ಹೋಗುವ ಮುನ್ನ ಇದನ್ನು ಶುರುಮಾಡಿದರೆ ತೀವ್ರ ವಿಥ್‌ಡ್ರಾವಲ್ (ಒಗ್ಗಿದ ಔಷಧ ತಪ್ಪಿದಾಗ ದೇಹ ಪಡುವ ಪಾಡು) ಲಕ್ಷಣಗಳು ಒಮ್ಮೆಲೇ ಎರಗುತ್ತವೆ. ನಾನು ಡುಲೊಕ್ಸೆಟಿನ್‌ನಲ್ಲಿ ಉಳಿದೆ.

ಎಲ್ಲಕ್ಕೂ ಬುನಾದಿ: ನಡಿಗೆ, ನೀರು, ತೈ ಚಿ

ಯೂಲಾರ್ ಶಿಫಾರಸುಗಳಲ್ಲಿ ‘ಖಂಡಿತ ಮಾಡಿ’ ಎಂಬ ಬಲವಾದ ಒಪ್ಪಿಗೆ ಸಿಕ್ಕಿರುವುದು ಒಂದಕ್ಕೇ, ವ್ಯಾಯಾಮಕ್ಕೆ. ಇದನ್ನು ಕೇಳಿದಾಗ ನಮ್ಮಂಥವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ, ಏಕೆಂದರೆ ‘ಸ್ವಲ್ಪ ಓಡಾಡಿ, ಸರಿಹೋಗುತ್ತದೆ’ ಎನ್ನುವವರು ಎಷ್ಟು, ಹೇಗೆ ಎಂದು ಹೇಳುವುದಿಲ್ಲ. ‘ಎಷ್ಟು’ ಎಂಬುದರಲ್ಲೇ ಎಲ್ಲವೂ ಇದೆ.

ನಡಿಗೆ ಅತ್ಯಂತ ಸುಲಭ, ಅತ್ಯಂತ ಮೋಸಗಾರ. ಒಳ್ಳೆಯ ದಿನ ಕಾಲು ತಾನಾಗಿ ಮುಂದೆ ಹೋಗುತ್ತದೆ. ಅದಕ್ಕೆ ದಂಡ ಕಟ್ಟುವುದು ಮಾರನೆಯ ಎರಡು ದಿನ. ಗಡಿಯಾರ ಇಟ್ಟುಕೊಂಡು, ಕೆಟ್ಟ ದಿನದಲ್ಲೂ ಆಗುವಷ್ಟನ್ನೇ ಒಳ್ಳೆಯ ದಿನದಲ್ಲೂ ನಡೆದಾಗ ಮಾತ್ರ ಅದು ನನಗೆ ಔಷಧವಾಯಿತು. ಬೆಚ್ಚಗಿನ ನೀರಿನ ವ್ಯಾಯಾಮದಲ್ಲಿ ಈ ಮೋಸ ಕಡಿಮೆ. ನೀರು ಎದೆಮಟ್ಟಕ್ಕಿದ್ದಾಗ ಸೊಂಟ, ಮಂಡಿಗಳ ಮೇಲಿನ ಭಾರ ಇಳಿಯುತ್ತದೆ, ತೋಳನ್ನು ನೀರೇ ಎತ್ತಿಕೊಡುತ್ತದೆ. ಒಣನೆಲದಲ್ಲಿ ಭುಜದ ಮಟ್ಟಕ್ಕೆ ಬಾರದ ಕೈ ಅಲ್ಲಿ ಬಂತು. ಕೊಳದಿಂದ ಹೊರಬಂದು ಒದ್ದೆ ಮೈಯಲ್ಲಿ ತಣ್ಣಗಿನ ಕೋಣೆಯಲ್ಲಿ ಬಟ್ಟೆ ಬದಲಿಸುವ ಐದು ನಿಮಿಷ ಮಾತ್ರ ಗಳಿಸಿದ್ದರಲ್ಲಿ ಅರ್ಧವನ್ನು ಕಿತ್ತುಕೊಳ್ಳುತ್ತಿತ್ತು. ದಪ್ಪ ಟವೆಲ್ಲಿನ ನಿಲುವಂಗಿ ಒಯ್ಯಲು ಶುರುಮಾಡಿದ ಮೇಲೆ ಆ ನಷ್ಟ ನಿಂತಿತು.

ನಿಧಾನ ಚಲನೆಗಳ ಚೀನೀ ವ್ಯಾಯಾಮವಾದ ತೈ ಚಿ ಮೂರನೆಯದು. 226 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಏರೋಬಿಕ್ ವ್ಯಾಯಾಮಕ್ಕೆ ಸಮ, ಕೆಲವೆಡೆ ಮೇಲು ಎಂದು ಕಂಡಿತು. 12 ವಾರ ಮಾಡಿದವರಿಗಿಂತ 24 ವಾರ ಮಾಡಿದವರಿಗೆ ಹೆಚ್ಚು ಗುಣ ಸಿಕ್ಕಿತು. ನನ್ನ ಅನುಭವವೂ ಇದೇ: ಮೊದಲ ತಿಂಗಳುಗಳಲ್ಲಿ ಏನೂ ಇಲ್ಲ, ಆಮೇಲೆ ಸದ್ದಿಲ್ಲದೆ ಬಟ್ಟೆ ಹಿಂಡುವ ಶಕ್ತಿ ಮರಳಿತು. ಶುರುಮಾಡಲು ನೀರು, ಮುಂದುವರಿಸಲು ತೈ ಚಿ ಎಂಬುದು ನನ್ನ ಆಯ್ಕೆ.

ಬಿಡುವ ಕ್ರಮ

ಹೊಸ ಮಾತ್ರೆ ಸೇರಿಸಿ ಹಳೆಯದನ್ನು ಕಳೆಯುವುದು ಸಹಜವಾಗಿ ತೋರುವ ದಾರಿ. ಇಲ್ಲಿ ಅದು ಅಪಾಯ. ಟ್ರಮಡಾಲ್ ಜೊತೆ ಡುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಸೇರಿದರೆ ಸೆರೊಟೋನಿನ್ ವಿಪರೀತವಾಗಬಹುದು, ಫಿಟ್ಸ್ ಬರಬಹುದು. ಡುಲೊಕ್ಸೆಟಿನ್ ಅಮಿಟ್ರಿಪ್ಟಿಲಿನ್‌ನ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಆದ್ದರಿಂದ ನನ್ನ ವೈದ್ಯರು ಔಷಧವಲ್ಲದ ಮೂರನ್ನು, ಅಂದರೆ ನೀರು, ಟೆನ್ಸ್, ನಿದ್ರೆಯ ತರಬೇತಿಯನ್ನು ಮೊದಲು ಕಟ್ಟಿಸಿದರು, ಆಮೇಲೆ ಟ್ರಮಡಾಲ್ ಇಳಿಸಿದರು, ಕೊನೆಗೆ ಮಾತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ವರ್ಷಕ್ಕಿಂತ ಹೆಚ್ಚು ಕಾಲ ಓಪಿಯಾಯ್ಡ್ ತೆಗೆದುಕೊಂಡವರಿಗೆ ತಿಂಗಳಿಗೆ ಶೇ 10ರಷ್ಟು ಅಥವಾ ಇನ್ನೂ ನಿಧಾನವಾಗಿ ಇಳಿಸುವುದು ಸಾಮಾನ್ಯವಾಗಿ ಸಹ್ಯ ಎನ್ನುತ್ತದೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ. ಪ್ರತಿ ಇಳಿಕೆಯ ನಂತರ ಕೆಲವು ದಿನ ಮೂಗು ಸೋರುವುದು, ಕಾಲು ಚಡಪಡಿಸುವುದು, ನೋವು ಏರುವುದು ಇತ್ತು. ಕಾಯಿಲೆಯೇ ಉಲ್ಬಣಿಸಿತೆಂದು ಅನೇಕರು ಈ ಹಂತದಲ್ಲೇ ಮಾತ್ರೆಗೆ ಮರಳುತ್ತಾರೆ. ಹಾಗಾದಾಗ ಒಬ್ಬರೇ ನಿರ್ಧರಿಸದೆ ಇಳಿಸುವುದನ್ನು ತಡೆದು ಅದೇ ಪ್ರಮಾಣವನ್ನು ಕೆಲವು ವಾರ ಮುಂದುವರಿಸಿಕೊಡಿ ಎಂದು ವೈದ್ಯರನ್ನು ಕೇಳಿ. ನನಗೆ ಅತಿ ಕಷ್ಟವಾದದ್ದು ಕೊನೆಯ ಸಣ್ಣ ಪ್ರಮಾಣವನ್ನು ಬಿಡುವುದು. ಅಲ್ಲಿ ನಾವು ಎರಡು ಬಾರಿ ನಿಂತು ಮುಂದುವರಿದೆವು.