ಟರ್ಕಿಯಲ್ಲಿ ಅರಬ್ಬಿ ಕೇಳಬೇಕಾ? ಹತಾಯ್, ಮಾರ್ದಿನ್, ಹರ್ರಾನ್

ಮನೆಯಲ್ಲಿ ಅರಬ್ಬಿ ಮಾತಾಡುವವರ ನಡುವೆ ನಾಲ್ಕು ದಿನ ಇರಬೇಕು, ಟರ್ಕಿಯಲ್ಲಿ ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ನೀವು ಬರೆದಿರುವ ಹತಾಯ್, ಮಾರ್ದಿನ್, ಹರ್ರಾನ್ ಮೂರೂ ಸಿರಿಯಾ ಗಡಿಗೆ ಹತ್ತಿರವೇ. ಆದರೆ ಮಾತು ಒಂದೇ ಅಲ್ಲ.

ನಿಮಗೆ ಎಂಥ ಅರಬ್ಬಿ ಬರುತ್ತದೆ ಅನ್ನೋದು ಮುಖ್ಯ. ಸಿರಿಯಾ, ಲೆಬನಾನ್ ಕಡೆಯ ಮಾತು ಕಲಿತಿದ್ದರೆ ಹತಾಯ್ ಸಲೀಸು. 1939ರಲ್ಲಿ ಟರ್ಕಿಗೆ ಸೇರಿದ ಪ್ರಾಂತ್ಯ ಅದು. ಅಲಾವಿಗಳು (ಶಿಯಾ ಮೂಲದ ಒಂದು ಪಂಥದವರು), ಸುನ್ನಿಗಳು, ಕ್ರೈಸ್ತರು, ಎಲ್ಲರಲ್ಲೂ ಅರಬ್ಬಿ ಮಾತಿನವರಿದ್ದಾರೆ. ಮಾರ್ದಿನ್ ಮಾತು ಇರಾಕಿನ ಮೋಸುಲ್ ಕಡೆಗೆ ವಾಲುತ್ತದೆ. 'ನಾನು ಹೇಳಿದೆ' ಅನ್ನೋಕೆ ಅಲ್ಲಿ 'ಕೆಲ್ತು' ಅಂತಾರೆ. ಹರ್ರಾನ್ ಬಯಲಿನದು ಬೆದುವಿನ್ (ಅಲೆಮಾರಿ ಅರಬರ) ಮಾತು, ಅಲ್ಲಿ ಇದೇ ಪದದ ಮೊದಲ ಅಕ್ಷರವೇ 'ಗ' ಆಗುತ್ತದೆ. ಒಂದು ಪದ ಸಾಕು, ಯಾವ ಕಡೆಯವರು ಅಂತ ಗೊತ್ತಾಗಿಬಿಡುತ್ತೆ, ಅಲ್ವಾ? ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಅರಬ್ಬಿ ಅಕ್ಷರ ಹುಡುಕಿಕೊಂಡು ಹೋಗಬೇಡಿ. ಅಂಗಡಿ ಬೋರ್ಡು, ಶಾಲೆ, ಕಚೇರಿ ಬಹುತೇಕ ಟರ್ಕಿಶ್. ಹತಾಯ್‌ನಲ್ಲಿ ಹುಡುಗರ ಬಾಯಲ್ಲಿ ಟರ್ಕಿಶ್ಶೇ ಜಾಸ್ತಿ, ಹಿರಿಯರ ಜೊತೆ ಕೂತರೆ ಅರಬ್ಬಿ ಸಿಗುತ್ತದೆ.

ಉಳಿಯೋಕೆ ಮಾರ್ದಿನ್ ಸುಲಭ. ಕಲ್ಲಿನ ಹಳೇ ಮನೆಗಳೇ ಹೋಟೆಲ್ ಆಗಿವೆ, ಕುರ್ದಿಶ್ ಕೂಡ ಕಿವಿಗೆ ಬೀಳುತ್ತದೆ. ಹತಾಯ್‌ನ ಅಂತಾಕ್ಯ ನಗರ 2023ರ ಫೆಬ್ರವರಿ ಭೂಕಂಪದಲ್ಲಿ ನೆಲಕಚ್ಚಿತು, ಅಲ್ಲಿಗಾದರೆ ಪರಿಚಯದವರಿದ್ದರೆ ಒಳ್ಳೆಯದು. ಹಳ್ಳಿಯ ಬದುಕು ಬೇಕೆಂದರೆ ಜೇನುಗೂಡಿನಂಥ ಮಣ್ಣಿನ ಮನೆಗಳ ಹರ್ರಾನ್. ಬೇಸಿಗೆಯಲ್ಲಿ ಮಾತ್ರ ಬೇಡ, ಬಿಸಿಲು ಸುಡುತ್ತದೆ.